ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ದೂರ: ಒಂದೇ ಮಾರ್ಗಕ್ಕೆ ನಾಲ್ಕು ಸಂಖ್ಯೆ ಏಕೆ?

ಕೋಷ್ಟಕ_77 (ಪ್ರಶ್ನೆ)

ಬೆಂಗಳೂರಿನಿಂದ ಹೊರಡುವ ದೂರದ ಮಾರ್ಗಗಳ ಒಂದು ಕೋಷ್ಟಕ ಎಕ್ಸೆಲ್‌ನಲ್ಲಿ ತಯಾರಾಗುತ್ತಿದೆ. ಪ್ರತಿ ಸಾಲಿನಲ್ಲಿ ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ, ಮತ್ತು ಅವುಗಳ ನಡುವಿನ ವಿಮಾನ ದೂರ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೊ ಸಾಲಿಗೆ ಬಂದಾಗ ಸಂಖ್ಯೆಗಳು ಹೊಂದುತ್ತಿಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗದಲ್ಲಿ ನೇರ ವಿಮಾನ ಶುರು ಮಾಡಿದಾಗ ಸುದ್ದಿಯಲ್ಲಿ ಬಂದ ದೂರ 13,993 ಕಿ.ಮೀ. ಅದೇ ಸುದ್ದಿಗಳಲ್ಲಿ ವಿಮಾನ ಸುಮಾರು 16,000 ಕಿ.ಮೀ. ಹಾರಿತು ಎಂದೂ ಇತ್ತು. ಹ್ಯಾವರ್‌ಸೈನ್ ಸೂತ್ರ (ಭೂಮಿ ಪೂರ್ಣ ಗೋಳ ಎಂದುಕೊಂಡು ದೂರ ಕಂಡುಹಿಡಿಯುವ ಸೂತ್ರ) ಹಾಕಿದರೆ 13,988 ಬರುತ್ತದೆ. ಆನ್‌ಲೈನ್ ದೂರ ಗಣಕಗಳು 14,003 ತೋರಿಸುತ್ತವೆ.

ಕೇಳಬೇಕಾದ್ದು ಮೂರು. ಕೋಷ್ಟಕದಲ್ಲಿ ಯಾವುದನ್ನು ಹಾಕುವುದು ಸರಿ? 13,988 ಮತ್ತು 14,003ರ ನಡುವಿನ 15 ಕಿ.ಮೀ. ಎಲ್ಲಿಂದ ಬರುತ್ತದೆ? 16,000ಕ್ಕೂ ಇವಕ್ಕೂ ಏನು ಸಂಬಂಧ? ಸೂತ್ರದ ಹಂತಗಳನ್ನು ಮಧ್ಯದ ಸಂಖ್ಯೆಗಳ ಸಮೇತ ಯಾರಾದರೂ ಕೊಟ್ಟರೆ ಹಾಳೆಯನ್ನು ತಾಳೆ ನೋಡಲು ಅನುಕೂಲ.

---

ಮಹಾವೃತ್ತ

ಮೊದಲು ಗೋಳದ ಲೆಕ್ಕ. ಅದು ಸರಿಯಾಗಿದ್ದರೆ ಉಳಿದದ್ದು ಸಣ್ಣ ತಿದ್ದುಪಡಿ.

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಮಹಾವೃತ್ತದ ತುಣುಕು, ಅಂದರೆ ಭೂಮಿಯ ಕೇಂದ್ರದ ಮೂಲಕ ಹಾದುಹೋಗುವ ಸಮತಲ ಮೇಲ್ಮೈಯಲ್ಲಿ ಬಿಡಿಸುವ ಗೆರೆ. ದೂರ ಕಂಡುಹಿಡಿಯಲು ಬೇಕಾದದ್ದು ಆ ತುಣುಕು ಕೇಂದ್ರದಲ್ಲಿ ಮಾಡುವ ಕೋನ ಮಾತ್ರ. ಕೋನವನ್ನು ರೇಡಿಯನ್‌ನಲ್ಲಿ ಇಟ್ಟುಕೊಂಡು ತ್ರಿಜ್ಯದಿಂದ ಗುಣಿಸಿದರೆ ದೂರ.

ಕೊಡುವ ಸಂಖ್ಯೆಗಳು:

ಬೆಂಗಳೂರು (ದೇವನಹಳ್ಳಿ): ಅಕ್ಷಾಂಶ 13.1979, ರೇಖಾಂಶ 77.7063
ಸ್ಯಾನ್ ಫ್ರಾನ್ಸಿಸ್ಕೊ: ಅಕ್ಷಾಂಶ 37.6189, ರೇಖಾಂಶ −122.3750

ಸೂತ್ರ:

ಹ = ಸೈನ್²(ಅಕ್ಷಾಂಶ ವ್ಯತ್ಯಾಸ ÷ 2) + ಕಾಸ್(ಅಕ್ಷಾಂಶ 1) × ಕಾಸ್(ಅಕ್ಷಾಂಶ 2) × ಸೈನ್²(ರೇಖಾಂಶ ವ್ಯತ್ಯಾಸ ÷ 2)
ಕೋನ = 2 × ಆರ್ಕ್‌ಸೈನ್(√ಹ)
ದೂರ = 6371 × ಕೋನ

ಅಕ್ಷಾಂಶ ವ್ಯತ್ಯಾಸ 24.4210 ಡಿಗ್ರಿ. ಅರ್ಧದ ಸೈನ್ 0.21150, ಅದರ ವರ್ಗ 0.04473. ರೇಖಾಂಶ ವ್ಯತ್ಯಾಸ 200.0813 ಡಿಗ್ರಿ. ಇದು 180 ದಾಟಿದೆಯಲ್ಲ, 360ರಿಂದ ಕಳೆಯಬೇಕೇ ಎಂಬ ಅನುಮಾನ ಸಹಜ. ಬೇಕಿಲ್ಲ. ಸೈನ್ ವರ್ಗ ಎರಡರಲ್ಲೂ ಒಂದೇ ಬರುತ್ತದೆ: 0.96960. ಎರಡು ಕಾಸ್‌ಗಳು 0.97359 ಮತ್ತು 0.79209, ಗುಣಲಬ್ಧ 0.77117. ಅದನ್ನು 0.96960ರಿಂದ ಗುಣಿಸಿದರೆ 0.74773. ಎರಡೂ ಭಾಗ ಕೂಡಿಸಿ ಹ = 0.79246. ವರ್ಗಮೂಲ 0.89020, ಆರ್ಕ್‌ಸೈನ್ 1.09779, ದುಪ್ಪಟ್ಟು 2.19558 ರೇಡಿಯನ್. ಡಿಗ್ರಿಯಲ್ಲಿ ಹೇಳಿದರೆ 125.797. ಇದನ್ನು 6371ರಿಂದ ಗುಣಿಸಿದರೆ 13,988 ಕಿ.ಮೀ. ನಿಮ್ಮ ಹಾಳೆ ಸರಿಯಾಗಿಯೇ ಇದೆ.

ಎಕ್ಸೆಲ್‌ನಲ್ಲಿ ಸೈನ್, ಕಾಸ್ ಎರಡೂ ರೇಡಿಯನ್‌ನಲ್ಲೇ ಕೇಳುತ್ತವೆ. ಪ್ರತಿ ಡಿಗ್ರಿ ಸಂಖ್ಯೆಯನ್ನೂ ರೇಡಿಯನ್ಸ್ ಫಂಕ್ಷನ್ ಒಳಗಿಟ್ಟೇ ಕೊಡಬೇಕು. ಒಂದು ಕಡೆ ಮರೆತರೂ ಉತ್ತರ ಅಸಂಬದ್ಧವಾಗುತ್ತದೆ, ಆದರೆ ದೋಷದ ಸಂದೇಶ ಬರದೇ ಇರಬಹುದು. ಕೆಲವರು ಆರ್ಕ್‌ಸೈನ್ ಬದಲು ಎಟಾನ್2 ಬಳಸುತ್ತಾರೆ. ಅಲ್ಲಿ ಎಕ್ಸೆಲ್‌ನ ಕ್ರಮ ಬೇರೆ: ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ವೈ ಮೊದಲು, ಎಕ್ಸ್ ಆಮೇಲೆ, ಎಕ್ಸೆಲ್‌ನಲ್ಲಿ ಎಕ್ಸ್ ಮೊದಲು. ಬೇರೆ ಕಡೆಯಿಂದ ಸೂತ್ರ ನಕಲಿಸುವಾಗ ಇಲ್ಲೇ ಹೆಚ್ಚು ತಪ್ಪಾಗುವುದು.

ಮೈನಸ್ ಚಿಹ್ನೆ ಇನ್ನೊಂದು. ಪಶ್ಚಿಮ ರೇಖಾಂಶಕ್ಕೆ, ದಕ್ಷಿಣ ಅಕ್ಷಾಂಶಕ್ಕೆ ಮೈನಸ್ ಬೇಕು. ಸ್ಯಾನ್ ಫ್ರಾನ್ಸಿಸ್ಕೊದ 122.375ಕ್ಕೆ ಮೈನಸ್ ಬಿಟ್ಟರೆ ಬಿಂದು ಚೀನಾದ ಶಾನ್‌ಡಾಂಗ್ ಪರ್ಯಾಯದ್ವೀಪದ ತುದಿಗೆ, ವೈಹೈ ಬಳಿಗೆ ಹೋಗುತ್ತದೆ. ದೂರ ಸುಮಾರು 5,175 ಕಿ.ಮೀ. ಬರುತ್ತದೆ. ನೋಡಲು ಒಪ್ಪುವಂಥ ಸಂಖ್ಯೆಯಾದ್ದರಿಂದ ದೊಡ್ಡ ಕೋಷ್ಟಕದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಡಿಗ್ರಿ-ನಿಮಿಷ-ಸೆಕೆಂಡುಗಳನ್ನು ದಶಮಾಂಶಕ್ಕೆ ತರುವಾಗಲೂ ಎಚ್ಚರ ಬೇಕು. 37°37′08″ ಅಂದರೆ 37 + 37/60 + 8/3600 = 37.6189. ಇದನ್ನು 37.3708 ಎಂದು ಬರೆದರೆ ನಿಲ್ದಾಣ ಸುಮಾರು 27 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ.

ತಾಳೆ ನೋಡಲು ಒಂದು ಸುಲಭ ದಾರಿ: ಒಂದು ನಾಟಿಕಲ್ ಮೈಲಿ ಅಂದರೆ ಹೆಚ್ಚುಕಡಿಮೆ ಒಂದು ನಿಮಿಷದ ಕೋನ. 125.797 × 60 = 7,548 ನಾಟಿಕಲ್ ಮೈಲಿ; 1.852ರಿಂದ ಗುಣಿಸಿದರೆ ಸುಮಾರು 13,979 ಕಿ.ಮೀ. ಹತ್ತಿರ ಬಂತು ಅಂದರೆ ದೊಡ್ಡ ತಪ್ಪಿಲ್ಲ. ಇನ್ನೊಂದು ಮೇಲ್ಮಿತಿ: ಭೂಮಿಯ ಮೇಲೆ ಯಾವ ಎರಡು ಜಾಗಗಳ ಅತಿ ಚಿಕ್ಕ ದೂರವೂ ಸುಮಾರು 20,004 ಕಿ.ಮೀ. ದಾಟಲಾರದು. ಕೋಷ್ಟಕದಲ್ಲಿ ಅದಕ್ಕಿಂತ ದೊಡ್ಡದು ಕಂಡರೆ ಆ ಸಾಲು ತಪ್ಪು.

---

ದೀರ್ಘಗೋಳ

15 ಕಿ.ಮೀ. ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ.

ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಚಪ್ಪಟೆ. ಈ ಆಕಾರವೇ ದೀರ್ಘಗೋಳ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್84 ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ 6378.137 ಕಿ.ಮೀ., ಧ್ರುವದ ಕಡೆಗೆ 6356.752. ಚಪ್ಪಟೆತನ 1/298.257. ‘ಮಹಾವೃತ್ತ’ ಅವರು ಮೇಲಿನ ಉತ್ತರದಲ್ಲಿ ಬಳಸಿದ 6371 ಇವುಗಳ ಸರಾಸರಿಯಷ್ಟೆ. ಆ ಸರಾಸರಿ ಯಾವ ದಿಕ್ಕಿಗೆ, ಯಾವ ಅಕ್ಷಾಂಶದಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಉತ್ತರ-ದಕ್ಷಿಣ ದಿಕ್ಕಿನಲ್ಲಿ ಒಂದು ಡಿಗ್ರಿಯ ಉದ್ದ ಸಮಭಾಜಕದ ಬಳಿ ಸುಮಾರು 110.6 ಕಿ.ಮೀ., ಧ್ರುವದ ಬಳಿ 111.7. ಚಪ್ಪಟೆಯಾದ ಕಡೆ ಬಾಗು ಕಡಿಮೆ, ಹಾಗಾಗಿ ಒಂದು ಡಿಗ್ರಿ ತಿರುಗಲು ಹೆಚ್ಚು ದೂರ ಸಾಗಬೇಕು.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿ ಬಹುಪಾಲು ಉತ್ತರದ ಮೇಲಿನ ಅಕ್ಷಾಂಶಗಳಲ್ಲಿ ಸಾಗುತ್ತದೆ. ಅದಕ್ಕೇ ನಿಜವಾದ ದೂರ ಗೋಳದ ಲೆಕ್ಕಕ್ಕಿಂತ ಹೆಚ್ಚು: 14,003.6 ಕಿ.ಮೀ. ವ್ಯತ್ಯಾಸ ಶೇ. 0.11.

ಬೆಂಗಳೂರು–ದೆಹಲಿ ನೋಡಿ, ಉಲ್ಟಾ ಆಗುತ್ತದೆ. ಅದು ಕೆಳ ಅಕ್ಷಾಂಶದಲ್ಲಿ ಬಹುತೇಕ ನೇರ ಉತ್ತರಕ್ಕೆ ಹೋಗುವ ದಾರಿ. ಗೋಳದಲ್ಲಿ ಸುಮಾರು 1,710 ಕಿ.ಮೀ., ದೀರ್ಘಗೋಳದಲ್ಲಿ ಸುಮಾರು 1,703. ದೂರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ, ಆದರೆ ತಪ್ಪು 7 ಕಿ.ಮೀ. — ಶೇಕಡಾವಾರು ನೋಡಿದರೆ ನಾಲ್ಕು ಪಟ್ಟು. ‘ದೂರದ ಮಾರ್ಗಕ್ಕೆ ಮಾತ್ರ ತಿದ್ದುಪಡಿ ಬೇಕು’ ಎಂಬ ಮಾತನ್ನು ಬಹಳ ಕಡೆ ಓದುತ್ತೇವೆ, ಅದು ಸರಿಯಲ್ಲ.

ಎಕ್ಸೆಲ್‌ನಲ್ಲೇ ಇದನ್ನು ಮಾಡಬಹುದು. ಲ್ಯಾಂಬರ್ಟ್ ಸೂತ್ರ ಸಾಕು, ಮರುಮರು ಲೆಕ್ಕ ಹಾಕುವ ಗೋಜಿಲ್ಲ.

ಮೊದಲು ಎರಡೂ ಅಕ್ಷಾಂಶಗಳನ್ನು ತಗ್ಗಿಸಿ: ಟ್ಯಾನ್(ತಗ್ಗಿಸಿದ ಅಕ್ಷಾಂಶ) = 0.996647 × ಟ್ಯಾನ್(ಅಕ್ಷಾಂಶ). ಬೆಂಗಳೂರಿಗೆ 13.1551, ಸ್ಯಾನ್ ಫ್ರಾನ್ಸಿಸ್ಕೊಗೆ 37.5259 ಬರುತ್ತದೆ. ಈ ಹೊಸ ಅಕ್ಷಾಂಶಗಳನ್ನು ಅದೇ ಹ್ಯಾವರ್‌ಸೈನ್‌ಗೆ ಕೊಟ್ಟರೆ ಕೋನ 2.19776 ರೇಡಿಯನ್. ಇದನ್ನು ‘ಕ’ ಎನ್ನೋಣ.

ಪ = ತಗ್ಗಿಸಿದ ಅಕ್ಷಾಂಶಗಳ ಸರಾಸರಿ = 25.3405 ಡಿಗ್ರಿ
ವ = ಅವುಗಳ ವ್ಯತ್ಯಾಸದ ಅರ್ಧ = 12.1854 ಡಿಗ್ರಿ
ಮ = (ಕ − ಸೈನ್ ಕ) × ಸೈನ್²ಪ × ಕಾಸ್²ವ ÷ ಕಾಸ್²(ಕ/2) = 1.1755
ನ = (ಕ + ಸೈನ್ ಕ) × ಕಾಸ್²ಪ × ಸೈನ್²ವ ÷ ಸೈನ್²(ಕ/2) = 0.1380
ದೂರ = 6378.137 × (ಕ − 0.00167641 × (ಮ + ನ))

ಕೊನೆಯ ಸಾಲಿನಲ್ಲಿ ಆವರಣದೊಳಗೆ 2.19556 ಉಳಿಯುತ್ತದೆ, ಗುಣಿಸಿದರೆ 14,003.6. ಇಲ್ಲಿ ‘ಕ’ ರೇಡಿಯನ್‌ನಲ್ಲೇ ಇರಬೇಕು. ‘ಕ − ಸೈನ್ ಕ’ ಎಂಬಲ್ಲಿ ಡಿಗ್ರಿ ಸೇರಿಕೊಂಡರೆ ಎಲ್ಲವೂ ಕೆಡುತ್ತದೆ. ಎರಡು ಬಿಂದುಗಳು ಭೂಮಿಯ ಬಹುತೇಕ ವಿರುದ್ಧ ತುದಿಗಳಲ್ಲಿದ್ದರೆ ಕಾಸ್²(ಕ/2) ಸೊನ್ನೆಗೆ ಹತ್ತಿರವಾಗಿ ಮ ಹುಚ್ಚಾಪಟ್ಟೆ ಬೆಳೆಯುತ್ತದೆ, ಅಂಥ ಜೋಡಿಗೆ ಈ ಸೂತ್ರ ಬೇಡ. ಬೆಂಗಳೂರಿನ ನೇರ ವಿರುದ್ಧ ಬಿಂದು ಪೆರುವಿನಿಂದ ಪಶ್ಚಿಮಕ್ಕೆ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ ಇದೆ. ಆದ್ದರಿಂದ ನಿಮ್ಮ ಕೋಷ್ಟಕಕ್ಕೆ ತೊಂದರೆಯಿಲ್ಲ.

ಒಂದು ಆಕಸ್ಮಿಕದ ಬಗ್ಗೆಯೂ ಹೇಳಬೇಕು. ಗೋಳದ ಸೂತ್ರದಲ್ಲಿ 6371 ಬದಲು 6378.137 ಹಾಕಿದರೆ ಈ ಮಾರ್ಗಕ್ಕೆ 14,003.7 ಬರುತ್ತದೆ. ನಿಖರ ಉತ್ತರಕ್ಕೆ ಇಷ್ಟು ಹತ್ತಿರ ಬಂತೆಂದು ಅದನ್ನೇ ಎಲ್ಲ ಸಾಲಿಗೂ ಬಳಸಬೇಡಿ. ಅದೇ ತ್ರಿಜ್ಯ ಹಾಕಿದರೆ ದೆಹಲಿಗೆ 1,712 ಬಂದು ತಪ್ಪು 9 ಕಿ.ಮೀ.ಗೆ ಏರುತ್ತದೆ. ಗೂಗಲ್ ಮ್ಯಾಪ್ಸ್ ಎಪಿಐ ಒಳಗಿನ ದೂರದ ಫಂಕ್ಷನ್, ಬೇರೆ ತ್ರಿಜ್ಯ ಕೊಡದಿದ್ದರೆ, ಈ 6378.137 ಅನ್ನೇ ಬಳಸುತ್ತದೆ.

ಸುದ್ದಿಯ 13,993 ಈ ಎರಡು ಉತ್ತರಗಳ ನಡುವೆ ಬೀಳುತ್ತದೆ. ತ್ರಿಜ್ಯ ಎರಡು ಕಿ.ಮೀ. ಬದಲಾದರೆ ಇಲ್ಲಿ ದೂರ ಸುಮಾರು 4.4 ಕಿ.ಮೀ. ಬದಲಾಗುತ್ತದೆ, ಹಾಗಾಗಿ ಇಂಥ ವ್ಯತ್ಯಾಸ ಅಚ್ಚರಿಯದ್ದಲ್ಲ.

---

ಕೋಷ್ಟಕ_77

ಮಧ್ಯದ ಸಂಖ್ಯೆಗಳೆಲ್ಲ ತಾಳೆಯಾದವು, ಇಬ್ಬರಿಗೂ ಧನ್ಯವಾದ. 16,000ದ ವಿಷಯ ಉಳಿಯಿತು. ಭೂಪಟದಲ್ಲಿ ಎರಡು ಊರಿನ ನಡುವೆ ನೇರ ಗೆರೆ ಎಳೆದರೂ ಅಷ್ಟೇ ಹತ್ತಿರ ಬರುತ್ತದೆ. ವಿಮಾನ ಆ ಗೆರೆಯ ಮೇಲೆ ಹೋಯಿತು ಅಂತಲೇ?

---

ವಾಯುಪಥ

ಇಲ್ಲ. ಆ ಎರಡು ಸಂಖ್ಯೆಗಳು ಹತ್ತಿರ ಬಂದದ್ದು ಕಾಕತಾಳೀಯ.

ಗೋಡೆಯ ಮೇಲಿನ ಮರ್ಕೇಟರ್ ಭೂಪಟದಲ್ಲಿ ನೇರ ಗೆರೆ ಅಂದರೆ ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗುವ ದಾರಿ. ಬೆಂಗಳೂರಿನಿಂದ ಪೂರ್ವಕ್ಕೆ ಹೊರಟರೆ ಆ ಕೋನ ಸುಮಾರು 80 ಡಿಗ್ರಿ, ಉದ್ದ ಸುಮಾರು 16,115 ಕಿ.ಮೀ. ಮಹಾವೃತ್ತಕ್ಕಿಂತ 2,100 ಕಿ.ಮೀ. ಹೆಚ್ಚು. ವಿಮಾನಯಾನದಲ್ಲಿ ಇಷ್ಟು ದೂರಕ್ಕೆ ಯಾರೂ ಇದನ್ನು ಬಳಸುವುದಿಲ್ಲ.

ಮಹಾವೃತ್ತದ ದಾರಿ ಬೆಂಗಳೂರಿನಿಂದ ಹೊರಡುವಾಗ 19.6 ಡಿಗ್ರಿ, ಅಂದರೆ ಉತ್ತರಕ್ಕೆ ತುಸು ಪೂರ್ವ ಓರೆಯಾಗಿ ಹೋಗುತ್ತದೆ. ಒಂದು ಭೂಗೋಳದ ಮೇಲೆ ದಾರ ಬಿಗಿದು ಹಿಡಿದರೆ ಇದು ತಕ್ಷಣ ಕಾಣುತ್ತದೆ. ಆ ದಾರಿ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ತಿಳಿಯಲು ಒಂದು ಚಿಕ್ಕ ಸೂತ್ರ ಇದೆ. ದಾರಿಯ ಅತಿ ಉತ್ತರದ ಬಿಂದುವನ್ನು ಒಮ್ಮೆ ಕಂಡುಕೊಂಡರೆ ಸಾಕು:

ಕಾಸ್(ಅತಿ ಉತ್ತರದ ಅಕ್ಷಾಂಶ) = ಸೈನ್(ಹೊರಡುವ ಕೋನ) × ಕಾಸ್(ಹೊರಡುವ ಅಕ್ಷಾಂಶ)

ಇಲ್ಲಿ 0.33531 × 0.97359 = 0.32645, ಅಂದರೆ 70.95 ಡಿಗ್ರಿ ಉತ್ತರ. ಆ ಬಿಂದುವಿನ ರೇಖಾಂಶ 163.06 ಪೂರ್ವ. ಇನ್ನು ಯಾವ ರೇಖಾಂಶ ಬೇಕಾದರೂ ಕೊಡಿ:

ಟ್ಯಾನ್(ಅಕ್ಷಾಂಶ) = 2.895 × ಕಾಸ್(ರೇಖಾಂಶ − 163.06)

ಇದರಿಂದ ಬರುವ ದಾರಿ ಹೀಗಿದೆ. ನೇಪಾಳದಲ್ಲಿ ಅನ್ನಪೂರ್ಣ ಪರ್ವತಗಳ ಆಸುಪಾಸು ಹಿಮಾಲಯ ದಾಟುತ್ತದೆ. 90 ಪೂರ್ವದಲ್ಲಿ ಅಕ್ಷಾಂಶ 40.1, ಶಿಂಜಿಯಾಂಗ್‌ನ ಲೋಪ್ ನೂರ್ ಬಳಿ. 100 ಪೂರ್ವದಲ್ಲಿ 52.7, ಬೈಕಲ್ ಸರೋವರದ ಪಶ್ಚಿಮಕ್ಕೆ. 120 ಪೂರ್ವದಲ್ಲಿ 64.7, ಯಾಕೂತಿಯಾ. ಅತಿ ಉತ್ತರದ ಬಿಂದು ಕೊಲಿಮಾ ನದಿಯ ಮುಖಜಭೂಮಿಯಿಂದ ಆಚೆ ಪೂರ್ವ ಸೈಬೀರಿಯನ್ ಸಮುದ್ರದಲ್ಲಿ. 180ರಲ್ಲಿ ರ‍್ಯಾಂಗೆಲ್ ದ್ವೀಪದ ದಕ್ಷಿಣಕ್ಕೆ ಬಂದು, ಅಲಾಸ್ಕ ದಾಟಿ, ಪೆಸಿಫಿಕ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾಗೆ ಹೋಗುವ ಅತಿ ಚಿಕ್ಕ ದಾರಿ ಆರ್ಕ್ಟಿಕ್ ವೃತ್ತದ ಒಳಗಿನಿಂದ ಹಾದುಹೋಗುತ್ತದೆ ಎಂಬುದು ಭೂಪಟ ನೋಡಿ ಬೆಳೆದ ಕಣ್ಣಿಗೆ ನಂಬಲು ಕಷ್ಟ, ಆದರೆ ಲೆಕ್ಕ ಹೇಳುವುದು ಅದನ್ನೇ.

ನಿಜವಾದ ವಿಮಾನ ಈ ಗೆರೆಯ ಮೇಲೆ ಹಾರುವುದಿಲ್ಲ, ಅದಕ್ಕೆ ಕಾರಣಗಳಿವೆ.

ಮೊದಲನೆಯದು ಟಿಬೆಟ್. ಈ ದಾರಿ ಪ್ರಸ್ಥಭೂಮಿಯ ಮೇಲೆ ಸಾವಿರ ಕಿ.ಮೀ.ಗೂ ಹೆಚ್ಚು, ಅಂದರೆ ಒಂದು ಗಂಟೆಗೂ ಮೀರಿ ಸಾಗುತ್ತದೆ. ಕ್ಯಾಬಿನ್ ಒತ್ತಡ ಕುಸಿದರೆ ಪೈಲಟ್ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ 15,000 ಅಡಿ ಎತ್ತರದಲ್ಲಿದೆ. ಪ್ರಯಾಣಿಕರ ಮುಖವಾಡಕ್ಕೆ ಆಮ್ಲಜನಕ ಒದಗುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಒಂದು ಎಂಜಿನ್ ನಿಂತರೂ ವಿಮಾನ ಹಿಂದಿನ ಎತ್ತರ ಕಾಯ್ದುಕೊಳ್ಳಲಾರದು, ನಿಧಾನವಾಗಿ ಕೆಳಗೆ ಬರುತ್ತದೆ. ವಿಶೇಷ ಆಮ್ಲಜನಕ ವ್ಯವಸ್ಥೆ, ತಪ್ಪಿಸಿಕೊಳ್ಳುವ ದಾರಿಗಳ ಯೋಜನೆ ಇಲ್ಲದೆ ಅಲ್ಲಿ ಹೋಗುವಂತಿಲ್ಲ. ಹಾಗಾಗಿ ಬಹಳ ವಿಮಾನಗಳು ಪೂರ್ವಕ್ಕೋ ಪಶ್ಚಿಮಕ್ಕೋ ಸುತ್ತುತ್ತವೆ.

ಎರಡನೆಯದು ಗಾಳಿ, ಇದು ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಪೈಲಟ್‌ಗೂ ಇಂಧನಕ್ಕೂ ಬೇಕಾದದ್ದು ನೆಲದ ಮೇಲಿನ ದೂರವಲ್ಲ, ಗಾಳಿಯೊಳಗೆ ಕ್ರಮಿಸುವ ದೂರ:

ಗಾಳಿಯೊಳಗಿನ ದೂರ = ನೆಲದ ದೂರ × ವಿಮಾನದ ವೇಗ ÷ ನೆಲವೇಗ

ಸುಮಾರು ಮ್ಯಾಕ್ 0.84ಕ್ಕೆ (ಶಬ್ದದ ವೇಗದ 0.84 ಪಟ್ಟು) ವಿಮಾನದ ವೇಗ ಗಂಟೆಗೆ 890 ಕಿ.ಮೀ. ಅನ್ನಿ. ಗಾಳಿಯೇ ಇಲ್ಲದ ಮಹಾವೃತ್ತ: 13,988 ÷ 890 = 15 ಗಂಟೆ 43 ನಿಮಿಷ. ಈಗ ಪೂರ್ವಕ್ಕೆ ಸುತ್ತಿ ಟೋಕಿಯೊದ ನರಿತಾ ಮೇಲೆ ಹೋಗುವ ದಾರಿ ತೆಗೆದುಕೊಳ್ಳಿ. ಬೆಂಗಳೂರು–ನರಿತಾ 6,701, ನರಿತಾ–ಸ್ಯಾನ್ ಫ್ರಾನ್ಸಿಸ್ಕೊ 8,228, ಒಟ್ಟು ಸುಮಾರು 14,930 (ಗೋಳದ ಲೆಕ್ಕ). ಪೂರ್ತಿ ದಾರಿಗೆ ಸರಾಸರಿ 60 ಕಿ.ಮೀ. ಬೆನ್ನುಗಾಳಿ ಸಿಕ್ಕರೆ 14,930 ÷ 950 = ಅದೇ 15 ಗಂಟೆ 43 ನಿಮಿಷ. 940 ಕಿ.ಮೀ. ಹೆಚ್ಚು ಹಾರಿಯೂ ಸಮಯ, ಇಂಧನ ಎರಡೂ ಸಮ. ಚಳಿಗಾಲದಲ್ಲಿ ಜಪಾನ್ ಬಳಿ ಜೆಟ್ ಸ್ಟ್ರೀಮ್‌ನ (ಬಹಳ ಎತ್ತರದಲ್ಲಿ ಪೂರ್ವಕ್ಕೆ ಬೀಸುವ ಬಿರುಸು ಗಾಳಿ) ವೇಗ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ, ಆಗ ಉದ್ದದ ದಾರಿಯೇ ಗೆಲ್ಲುತ್ತದೆ.

ಹಿಂದಿರುಗುವಾಗ ಅದೇ ಗಾಳಿ ಎದುರುಗಾಳಿ. ಹಾಗಾಗಿ ಆ ಕಡೆಯಿಂದ ಬರುವ ವಿಮಾನ ಉತ್ತರಕ್ಕೆ ಸರಿಯುತ್ತದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ, ಮಹಿಳಾ ಪೈಲಟ್‌ಗಳೇ ನಡೆಸಿದ ಆ ಮೊದಲ ಬೋಯಿಂಗ್ 777 ಹಾರಾಟ ಉತ್ತರ ಧ್ರುವದ ಮೇಲಿನಿಂದ ಬಂದದ್ದು. ಧ್ರುವ ದಾಟುವುದು ದೊಡ್ಡ ಸುತ್ತು ಅನ್ನಿಸಬಹುದು. ಲೆಕ್ಕ ಹಾಕಿ: ಸ್ಯಾನ್ ಫ್ರಾನ್ಸಿಸ್ಕೊದಿಂದ ನೇರ ಧ್ರುವಕ್ಕೆ, ಧ್ರುವದಿಂದ ನೇರ ಬೆಂಗಳೂರಿಗೆ, ದೀರ್ಘಗೋಳದ ಮೇಲೆ 14,379 ಕಿ.ಮೀ. ಅತಿ ಚಿಕ್ಕ ದಾರಿಗಿಂತ 376 ಕಿ.ಮೀ. ಅಷ್ಟೆ ಜಾಸ್ತಿ, ಶೇ. 2.7. ಎರಡು ಊರುಗಳ ರೇಖಾಂಶ ವ್ಯತ್ಯಾಸ 180ಕ್ಕೆ ಹತ್ತಿರವಿರುವುದರಿಂದ ಹೀಗಾಗುತ್ತದೆ.

ಉಳಿದ ಹೆಚ್ಚುವರಿ ದೂರ ಬರುವುದು ವಾಯುಮಾರ್ಗಗಳ ತಿರುವು, ಮುಚ್ಚಿದ ವಾಯುಪ್ರದೇಶ, ತುರ್ತು ಇಳಿದಾಣಗಳಿಗೆ ಹತ್ತಿರವಿರಬೇಕೆಂಬ ನಿಯಮ, ಮತ್ತು ಹೊರಡುವಾಗ ಇಳಿಯುವಾಗ ರನ್‌ವೇ ದಿಕ್ಕಿಗೆ ತಿರುಗುವ ಸುತ್ತುಗಳಿಂದ. ಪ್ರತಿ ದಿನವೂ ಇದು ಬೇರೆ. ಕೋಷ್ಟಕದಲ್ಲಿ ಒಂದು ಅಂಕಣಕ್ಕೆ ಹಾಕುವಂಥದ್ದಲ್ಲ. ಹಾಕಲೇಬೇಕಿದ್ದರೆ ದಿನಾಂಕ ಮತ್ತು ಹಾರಾಟದ ದಿಕ್ಕು ಪಕ್ಕದಲ್ಲಿ ಇರಲಿ.

---

ಕೋಡ್_ಕಟ್ಟೆ

ಸಾಲುಗಳು ನೂರು ದಾಟಿದರೆ ಎಕ್ಸೆಲ್ ಬಿಟ್ಟು ಪೈಥಾನ್‌ಗೆ ಬನ್ನಿ. ಜಿಯೋಪೈ ಲೈಬ್ರರಿಯ ಜಿಯೋಡೆಸಿಕ್ ಫಂಕ್ಷನ್ ಡಬ್ಲ್ಯೂಜಿಎಸ್84 ಮೇಲೆ ಚಾರ್ಲ್ಸ್ ಕಾರ್ನಿಯವರ ವಿಧಾನ ಬಳಸುತ್ತದೆ. ಹಳೆಯ ಕೋಡ್‌ಗಳಲ್ಲಿ 1975ರ ವಿನ್ಸೆಂಟಿ ವಿಧಾನ ಇರುತ್ತದೆ. ಅದು ಮಿಲಿಮೀಟರ್ ಮಟ್ಟದ ನಿಖರತೆ ಕೊಟ್ಟರೂ ಬಹುತೇಕ ವಿರುದ್ಧ ತುದಿಯಲ್ಲಿರುವ ಬಿಂದುಗಳಿಗೆ ಲೆಕ್ಕ ಒಂದು ಕಡೆ ನಿಲ್ಲದೆ ತಿರುಗುತ್ತಲೇ ಇರುತ್ತದೆ. ಕಾರ್ನಿಯವರ 2013ರ ವಿಧಾನದಲ್ಲಿ ಆ ತೊಂದರೆ ಇಲ್ಲ.

ಕ್ರಮದ ಬಗ್ಗೆ ಜಾಗ್ರತೆ. ಜಿಯೋಪೈಗೆ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಇನ್ನೊಂದು ಲೈಬ್ರರಿ ಪೈಪ್ರೊಜ್‌ನ ಜಿಯೋಡ್ ವಿಭಾಗಕ್ಕೆ ರೇಖಾಂಶ ಮೊದಲು. ಅದಲುಬದಲಾದರೆ ಸ್ಯಾನ್ ಫ್ರಾನ್ಸಿಸ್ಕೊದ −122 ಅಕ್ಷಾಂಶವಾಗಲು ಸಾಧ್ಯವಿಲ್ಲವಾದ್ದರಿಂದ ತಪ್ಪು ಬೇಗ ಗೊತ್ತಾಗಬಹುದು. ಬೆಂಗಳೂರಿನದು ಗೊತ್ತಾಗುವುದಿಲ್ಲ: 77.7 ಉತ್ತರ, 13.2 ಪೂರ್ವ ಅಂದರೆ ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರ, ಸರಿಯಾದ ಬಿಂದುವೇ. ಬೆಂಗಳೂರಿನಿಂದ ದೆಹಲಿ, ದುಬೈ, ಲಂಡನ್ ಎಲ್ಲವೂ ಸದ್ದಿಲ್ಲದೆ ತಪ್ಪಾಗುತ್ತವೆ. ದೂರ ಗೊತ್ತಿರುವ ಒಂದೆರಡು ಸಾಲುಗಳನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ.

ಹ್ಯಾವರ್‌ಸೈನ್ ನೀವೇ ಬರೆಯುವುದಾದರೆ, ವಿರುದ್ಧ ತುದಿಗಳಲ್ಲಿ ‘ಹ’ ದಶಮಾಂಶದ ಕೊನೆಯಲ್ಲಿ 1ನ್ನು ಕೂದಲೆಳೆಯಷ್ಟು ದಾಟಿ ಆರ್ಕ್‌ಸೈನ್ ದೋಷ ಕೊಡಬಹುದು. 1 ಮತ್ತು ‘ಹ’ಗಳಲ್ಲಿ ಚಿಕ್ಕದನ್ನು ತೆಗೆದುಕೊಳ್ಳುವಂತೆ ಬರೆದರೆ ಸಾಕು.

ನಿರ್ದೇಶಾಂಕಗಳ ಮೂಲವೂ ನೋಡಬೇಕು. ದೇವನಹಳ್ಳಿ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ ಬಿಎಲ್‌ಆರ್ ಸಂಕೇತದ ಎದುರು ಹಳೆಯ ಎಚ್‌ಎಎಲ್ ನಿಲ್ದಾಣದ 12.95, 77.67 ಇರುತ್ತದೆ. ಸುಮಾರು 27 ಕಿ.ಮೀ. ದಕ್ಷಿಣ. ಗೋಳ-ದೀರ್ಘಗೋಳದ ವ್ಯತ್ಯಾಸಕ್ಕಿಂತ ಇದು ದೊಡ್ಡದು. ನಾಲ್ಕು ಅಕ್ಷರದ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಸಂಕೇತ ನೋಡಿದರೆ ಬೇರ್ಪಡಿಸಬಹುದು: ದೇವನಹಳ್ಳಿ ವಿಒಬಿಎಲ್, ಎಚ್‌ಎಎಲ್ ವಿಒಬಿಜಿ.

ದಶಮಾಂಶದ ನಂತರ ನಾಲ್ಕು ಅಂಕಿ ಸಾಕು, ಅದು 11 ಮೀಟರ್. ದೇವನಹಳ್ಳಿಯ ರನ್‌ವೇ ಒಂದೊಂದೂ 4 ಕಿ.ಮೀ. ಉದ್ದವಿರುವಾಗ ದೂರವನ್ನು ಮೀಟರ್‌ನಲ್ಲಿ ಬರೆಯುವುದಕ್ಕೆ ಅರ್ಥವಿಲ್ಲ.

---

ಮೈಲಿಕಲ್ಲು

ಕೋಷ್ಟಕ ಯಾವುದಕ್ಕೆ ಎಂಬುದು ಮೊದಲು ತೀರ್ಮಾನವಾಗಲಿ, ಏಕೆಂದರೆ ಪ್ರತಿ ಬಳಕೆಗೂ ಅದರದೇ ನಿಯಮ ಇದೆ.

ಇಂಗಾಲದ ಲೆಕ್ಕಕ್ಕಾದರೆ ಐಸಿಎಒ ವಿಧಾನದಲ್ಲಿ ಮಹಾವೃತ್ತ ದೂರಕ್ಕೆ ನಿಗದಿಯಾದ ಹೆಚ್ಚುವರಿ ಸೇರಿಸುತ್ತಾರೆ: 550 ಕಿ.ಮೀ.ಗಿಂತ ಕಡಿಮೆಯಾದರೆ 50, 550ರಿಂದ 5,500ವರೆಗೆ 100, ಅದರಾಚೆ 125. ಸ್ಯಾನ್ ಫ್ರಾನ್ಸಿಸ್ಕೊಗೆ 14,003 + 125 = 14,128. ಯುರೋಪಿನ ಹೊರಸೂಸುವಿಕೆ ವ್ಯಾಪಾರ ವ್ಯವಸ್ಥೆಯಲ್ಲಿ ದೂರ ಎಷ್ಟೇ ಇರಲಿ 95 ಕಿ.ಮೀ. ಸೇರಿಸುತ್ತಾರೆ. ಯುರೋಪಿನ ವಿಳಂಬ ಪರಿಹಾರದ ನಿಯಮದಲ್ಲಿ 1,500 ಮತ್ತು 3,500 ಕಿ.ಮೀ. ಗಡಿಗಳಿವೆ, ಅಲ್ಲಿ ಏನನ್ನೂ ಸೇರಿಸದ ಮಹಾವೃತ್ತ ದೂರವೇ ಲೆಕ್ಕಕ್ಕೆ.

ಟಿಕೆಟ್ ದರದ ಲೋಕದಲ್ಲಿ ಟಿಪಿಎಂ ಎಂಬ ಅಧಿಕೃತ ಮೈಲಿ ಪಟ್ಟಿ ಇದೆ. ಅದನ್ನು ಲೆಕ್ಕ ಹಾಕಿ ಪಡೆಯುವುದಲ್ಲ, ಪಟ್ಟಿ ನೋಡಿಯೇ ಬರೆಯಬೇಕು. ಅದು ಸಾಮಾನ್ಯ ಮೈಲಿಯಲ್ಲಿದೆ, ನಾಟಿಕಲ್ ಅಲ್ಲ. ಈ ಗೊಂದಲ ಪುಟ್ಟದಲ್ಲ: ನಮ್ಮ ಮಾರ್ಗ 7,561 ನಾಟಿಕಲ್ ಮೈಲಿ, 8,701 ಸಾಮಾನ್ಯ ಮೈಲಿ. ನಾಟಿಕಲ್ ಸಂಖ್ಯೆಯನ್ನು ಸಾಮಾನ್ಯ ಮೈಲಿ ಎಂದುಕೊಂಡು 1.609ರಿಂದ ಗುಣಿಸಿದರೆ 12,168 ಕಿ.ಮೀ. ಬರುತ್ತದೆ, 1,835 ಕಿ.ಮೀ. ಮಾಯ. ಅಂಕಣದ ತಲೆಯಲ್ಲಿ ಬರೇ ‘ಮೈಲಿ’ ಎಂದು ಬರೆಯಬೇಡಿ.

ಮಧ್ಯೆ ವಿಮಾನ ಬದಲಿಸುವ ಪ್ರಯಾಣವಾದರೆ ಪ್ರತಿ ಹಂತದ ದೂರ ಬೇರೆ ಬೇರೆ ಕಂಡುಹಿಡಿದು ಕೂಡಿಸಬೇಕು. ಮೊದಲ ಮತ್ತು ಕೊನೆಯ ಊರಿನ ನಡುವಿನ ಒಂದೇ ಲೆಕ್ಕ ಸಲ್ಲದು. ಐಸಿಎಒ ಹೆಚ್ಚುವರಿಯೂ ಹಂತಕ್ಕೊಂದರಂತೆ ಸೇರುತ್ತದೆ, ಏಕೆಂದರೆ ಏರುವುದು ಇಳಿಯುವುದು ಪ್ರತಿ ಸಲವೂ ಇದೆ.

---

ಕೋಷ್ಟಕ_77

ಬಳಕೆ ಇಂಗಾಲದ ಲೆಕ್ಕಕ್ಕೆ. ಹಾಗಾದರೆ ದೀರ್ಘಗೋಳದ ದೂರಕ್ಕೆ ಒಂದು ಅಂಕಣ, ಐಸಿಎಒ ಹೆಚ್ಚುವರಿಗೆ ಇನ್ನೊಂದು ಇಡುತ್ತೇನೆ. ಕೊನೆಯದಾಗಿ: ವಿಮಾನ 11 ಕಿ.ಮೀ. ಎತ್ತರದಲ್ಲಿ ಹಾರುತ್ತದಲ್ಲ, ತ್ರಿಜ್ಯಕ್ಕೆ ಅದನ್ನೂ ಸೇರಿಸಬೇಡವೇ?

---

ದೀರ್ಘಗೋಳ

ರೇಖಾಗಣಿತದ ಪ್ರಕಾರ ಹೆಚ್ಚುತ್ತದೆ: 2.1956 × 11 = 24 ಕಿ.ಮೀ. ಚಪ್ಪಟೆತನದ 15 ಕಿ.ಮೀ.ಗಿಂತ ಹೆಚ್ಚು. ಆದರೂ ಸೇರಿಸುವುದಿಲ್ಲ. ಮಾನಕ ದೂರಗಳೆಲ್ಲ ಸಮುದ್ರಮಟ್ಟದ ದೀರ್ಘಗೋಳದ ಮೇಲೆಯೇ ವ್ಯಾಖ್ಯಾನವಾಗಿವೆ. ಎತ್ತರ ಸೇರಿಸಿದರೆ ನಿಮ್ಮ ಕೋಷ್ಟಕ ಬೇರೆ ಯಾರದ್ದರ ಜೊತೆಗೂ ಹೋಲಿಸಲು ಬರುವುದಿಲ್ಲ. ಮೇಲಾಗಿ ಅದೇ ಹಾರಾಟದಲ್ಲಿ ವಿಮಾನ ಹಗುರಾದಂತೆ ಎತ್ತರ ಏರುತ್ತಾ ಹೋಗುತ್ತದೆ, 11 ಎಂಬುದು ಸ್ಥಿರವಲ್ಲ. ಐಸಿಎಒದ 125 ಕಿ.ಮೀ. ಹೆಚ್ಚುವರಿ ಹೇಗೂ ನಿಜವಾದ ಹಾರಾಟ ಮಹಾವೃತ್ತಕ್ಕಿಂತ ಉದ್ದವಿರುತ್ತದೆ ಎಂಬುದಕ್ಕೇ ಇಟ್ಟಿರುವುದು. ಕೋಷ್ಟಕದ ಮೇಲೆ ‘ಡಬ್ಲ್ಯೂಜಿಎಸ್84, ಸಮುದ್ರಮಟ್ಟ, ಕಿ.ಮೀ.’ ಎಂದು ಒಂದು ಸಾಲು ಬರೆದು, 14,003 ಹಾಕಿ ಮುಂದಿನ ಸಾಲಿಗೆ ಹೋಗಿ.